ಉಕ್ಕಿನೊಳಗಿನ ಇಂಗಾಲದ ಕೊಳವೆಗಳು

ಜಗತ್ತು ‘ವೂಟ್ಜ್’ ಎಂದು ಕರೆದ ಲೋಹದ ಹೆಸರು ಕನ್ನಡದ ‘ಉಕ್ಕು’ ಪದದಿಂದಲೇ ಬಂದಿದ್ದೆಂದು ಅನೇಕ ವಿದ್ವಾಂಸರು ಹೇಳುತ್ತಾರೆ. ದಕ್ಷಿಣ ಭಾರತದ ಕಮ್ಮಾರರು ಇದನ್ನು ಮಣ್ಣಿನ ಮೂಸೆಯಲ್ಲಿ ಸಿದ್ಧಪಡಿಸುತ್ತಿದ್ದರು. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಕೆಲಸವನ್ನು ಕಂಡು ಬರೆದಿಟ್ಟಿದ್ದಾನೆ: ಮೂಸೆಯೊಳಗೆ ಕಬ್ಬಿಣದ ತುಂಡು, ಜೊತೆಗೆ ಹಸಿರೆಲೆ ಮತ್ತು ತಂಗಡಿ ಗಿಡದ ಕಡ್ಡಿ, ಮೇಲೆ ಮಣ್ಣಿನ ಮುಚ್ಚಳ, ಸುತ್ತ ಇದ್ದಿಲು, ತಿದಿಯ ಗಾಳಿ. ಕಡ್ಡಿ, ಎಲೆಗಳ ಇಂಗಾಲ ಕಬ್ಬಿಣದಲ್ಲಿ ಬೆರೆತು ಅದರ ಪಾಲು ಸುಮಾರು ಶೇ. 1.5ಕ್ಕೆ ಏರುತ್ತಿತ್ತು.

ಹೀಗೆ ಸಿದ್ಧವಾದ ಉಕ್ಕಿನ ಗಟ್ಟಿಗಳು ಪಶ್ಚಿಮ ಏಷ್ಯಾಕ್ಕೆ ಹೋಗಿ ಡಮಾಸ್ಕಸ್ ಕತ್ತಿಗಳಾದವು. ಹದವಾದ ಬಿಸಿಯಲ್ಲಿ ಮತ್ತೆ ಮತ್ತೆ ಬಡಿದಾಗ ಸಿಮೆಂಟೈಟ್ ಎಂಬ ಗಡಸು ಕಾರ್ಬೈಡಿನ ಕಣಗಳು ಸಾಲುಗಟ್ಟಿ, ಅಲಗಿನ ಮೇಲೆ ನೀರಲೆಯಂಥ ಗೆರೆಗಳು ಮೂಡುತ್ತಿದ್ದವು. ಸವೆತ ತಡೆಯುವುದು ಈ ಕಣಗಳು. ಪೆಟ್ಟು ತಾಳುವುದು ಅವುಗಳ ನಡುವಿನ ಮೆದು ಉಕ್ಕು. ವಿಜ್ಞಾನಿ ಮೈಕೆಲ್ ಫ್ಯಾರಡೆಯೂ 1819ರ ಸುಮಾರಿಗೆ ವೂಟ್ಜ್ ಉಕ್ಕಿನ ಗುಟ್ಟು ಹುಡುಕಲು ಯತ್ನಿಸಿದ.

2006ರಲ್ಲಿ ಡ್ರೆಸ್ಡೆನ್‌ನ ಪೀಟರ್ ಪೌಫ್ಲರ್ ತಂಡ 17ನೇ ಶತಮಾನದ ಡಮಾಸ್ಕಸ್ ಕತ್ತಿಯೊಂದರ ಚೂರನ್ನು ಆಮ್ಲದಲ್ಲಿ ಕರಗಿಸಿ, ಉಳಿದುದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಇಂಗಾಲದ ನ್ಯಾನೋಕೊಳವೆಗಳನ್ನು ಗುರುತಿಸಿತು. ಕತ್ತಿಯ ಬಲಕ್ಕೆ ಅವೇ ಕಾರಣವೆನ್ನುವುದು ಅವಸರದ ಮಾತು. ಕಾರ್ಬೈಡಿನ ಸಾಲುಗಳ ಪಾತ್ರವೇ ಹಿರಿದು. ಇಂದು ಲೋಹವನ್ನು ಬಲಪಡಿಸಲೆಂದೇ ಅಲ್ಯೂಮಿನಿಯಮ್, ತಾಮ್ರದ ಪುಡಿಗೆ ನ್ಯಾನೋಕೊಳವೆ ಬೆರೆಸಿ ಬಿಸಿಯಲ್ಲಿ ಒತ್ತುವ ಪ್ರಯೋಗಾಲಯಗಳಿಗೆ ದೊಡ್ಡ ತೊಡಕು, ಕೊಳವೆಗಳು ಒಂದಕ್ಕೊಂದು ಅಂಟಿ ಗಂಟಾಗುವುದು. ಗಂಟಾದಲ್ಲಿ ಲೋಹ ಬಲಗೊಳ್ಳುವುದಿಲ್ಲ, ಬಿರುಕು ಬಿಡುತ್ತದೆ.