ಗಾಲ್ಫ್ ಪಂದ್ಯಾವಳಿಗಳ ನಿಯಮಗಳು ಮತ್ತು ಆಟಗಾರರ ನಡತೆ: ಸಾರ್ವಜನಿಕರ ಮಾಹಿತಿಗಾಗಿ

ಗಾಲ್ಫ್ ಸ್ಪರ್ಧೆಗಳಲ್ಲಿ ಭಾಗವಹಿಸುವ ಆಟಗಾರರು ಹಾಗೂ ಅವರ ಪೋಷಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ. ಕ್ರೀಡಾ ಸಾಧನೆಯ ಆಧಾರದ ಮೇಲೆ ಯಾವುದೇ ಸೌಲಭ್ಯಕ್ಕೆ ಅರ್ಜಿ ಸಲ್ಲಿಸುವವರಿಗೆ ಪಂದ್ಯಾವಳಿಯ ಅಧಿಕೃತ ಫಲಿತಾಂಶವೇ ಮುಖ್ಯ ದಾಖಲೆ. ಅನರ್ಹಗೊಂಡ ಆಟಗಾರರಿಗೆ ಆ ಫಲಿತಾಂಶದಲ್ಲಿ ಸ್ಥಾನವಿರುವುದಿಲ್ಲ. ಅನರ್ಹತೆಗೆ ಕಾರಣವಾಗುವುದು ಅನೇಕ ವೇಳೆ ಆಟದ ದೋಷವಲ್ಲ, ಸ್ಕೋರ್ ಕಾರ್ಡಿನಲ್ಲಿ ಬರೆದ ಒಂದು ಅಂಕಿ ಎಂಬುದನ್ನು ಅರ್ಜಿದಾರರು ಗಮನಿಸತಕ್ಕದ್ದು.

ನಿಯಮಗಳನ್ನು ರೂಪಿಸುವವರು

ಗಾಲ್ಫ್ ಆಟದ ಮೊದಲ ಲಿಖಿತ ನಿಯಮಗಳು 1744ರಲ್ಲಿ ಸ್ಕಾಟ್ಲೆಂಡಿನ ಲೀತ್ ಎಂಬಲ್ಲಿ ರಚನೆಯಾದವು. ಅವು ಕೇವಲ 13 ಇದ್ದವು. ಪ್ರಸ್ತುತ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನಲ್ಲಿರುವ ಆರ್ ಅಂಡ್ ಎ ಹಾಗೂ ಅಮೆರಿಕದ ಯುಎಸ್‌ಜಿಎ ಸಂಸ್ಥೆಗಳು ಜಂಟಿಯಾಗಿ ನಿಯಮಗಳನ್ನು ಹೊರಡಿಸುತ್ತವೆ. 2019ರ ಜನವರಿಯಿಂದ 34 ನಿಯಮಗಳನ್ನು 24ಕ್ಕೆ ಇಳಿಸಲಾಯಿತು. 2023ರಲ್ಲಿ ಮತ್ತೆ ಪರಿಷ್ಕರಣೆಯಾಯಿತು. ಭಾರತದಲ್ಲಿ 1955ರಲ್ಲಿ ಸ್ಥಾಪನೆಯಾದ ಇಂಡಿಯನ್ ಗಾಲ್ಫ್ ಯೂನಿಯನ್ ಹವ್ಯಾಸಿ ಗಾಲ್ಫ್ ಆಟದ ರಾಷ್ಟ್ರೀಯ ಸಂಸ್ಥೆಯಾಗಿದೆ. ಇವುಗಳ ಜೊತೆಗೆ ಆಯಾ ಪಂದ್ಯಾವಳಿಯ ಸಮಿತಿಯು ಸ್ಥಳೀಯ ನಿಯಮಗಳನ್ನು ಹೊರಡಿಸಬಹುದು. ಸೂಚನಾ ಫಲಕದಲ್ಲಿ ಅಂಟಿಸಿದ ಆ ಒಂದು ಹಾಳೆಯನ್ನು ಓದದೆ ಟೀಗೆ ತೆರಳುವುದು ಸರಿಯಲ್ಲ.

ಇದಕ್ಕೆ 2010ರ ಪಿಜಿಎ ಚಾಂಪಿಯನ್‌ಷಿಪ್ ಉದಾಹರಣೆಯಾಗಿದೆ. ಅಮೆರಿಕದ ವಿಸ್ಲಿಂಗ್ ಸ್ಟ್ರೇಟ್ಸ್ ಮೈದಾನದಲ್ಲಿ ಮರಳಿರುವ ಎಲ್ಲಾ ತಗ್ಗುಗಳೂ ಬಂಕರ್‌ಗಳೆಂದೇ ಪರಿಗಣಿಸಲ್ಪಡುವುದಾಗಿ ಸ್ಥಳೀಯ ನಿಯಮದಲ್ಲಿ ತಿಳಿಸಲಾಗಿತ್ತು. ಡಸ್ಟಿನ್ ಜಾನ್ಸನ್ ಅಂತಿಮ ಹೋಲ್‌ನಲ್ಲಿ ಪ್ರೇಕ್ಷಕರು ತುಳಿದಾಡಿದ್ದ ಮರಳಿನ ಮೇಲೆ, ಅದು ಬಂಕರ್ ಎಂದು ತಿಳಿಯದೆ, ಚೆಂಡಿನ ಹಿಂದೆ ಕ್ಲಬ್ ಊರಿದರು. ಎರಡು ಹೊಡೆತಗಳ ದಂಡ ಬಿದ್ದು ಅವರು ಪ್ಲೇ ಆಫ್ ಅವಕಾಶವನ್ನೇ ಕಳೆದುಕೊಂಡರು. ಬಂಕರ್‌ನಲ್ಲಿ ಚೆಂಡಿನ ಹಿಂದೆ ಅಥವಾ ಮುಂದೆ ಮರಳಿಗೆ ಕ್ಲಬ್ ತಾಗಿಸುವುದು ಇಂದಿಗೂ ನಿಷಿದ್ಧ.

ತನ್ನ ದಂಡವನ್ನು ತಾನೇ ಹೇಳುವುದು

ಇತರ ಬಹುತೇಕ ಕ್ರೀಡೆಗಳಲ್ಲಿ ಅಂಪೈರ್ ಅಥವಾ ರೆಫರಿ ಪ್ರತಿ ಕ್ಷಣವೂ ಸ್ಥಳದಲ್ಲಿರುತ್ತಾರೆ. ಗಾಲ್ಫ್ ಆಟದಲ್ಲಿ ನೂರಾರು ಎಕರೆ ವಿಸ್ತೀರ್ಣದಲ್ಲಿ ಹರಡಿಕೊಂಡಿರುವ ಎಲ್ಲಾ ಆಟಗಾರರ ಬಳಿಯೂ ರೆಫರಿ ಇರುವುದು ಸಾಧ್ಯವಿಲ್ಲ. ಆದ್ದರಿಂದ ನಿಯಮ ಉಲ್ಲಂಘನೆಯಾದಲ್ಲಿ ಆಟಗಾರನೇ ಅದನ್ನು ಗುರುತಿಸಿ ದಂಡವನ್ನು ತನ್ನ ಲೆಕ್ಕಕ್ಕೆ ಸೇರಿಸಿಕೊಳ್ಳತಕ್ಕದ್ದೆಂದು ನಿಯಮ 1.3 ವಿಧಿಸುತ್ತದೆ. 1925ರ ಯು.ಎಸ್. ಓಪನ್‌ನಲ್ಲಿ ಬಾಬಿ ಜೋನ್ಸ್ ತಮ್ಮ ಚೆಂಡು ಅಲುಗಿತೆಂದು ತಾವೇ ತಿಳಿಸಿ ಒಂದು ಹೊಡೆತದ ದಂಡ ಪಡೆದರು. ಬೇರೆ ಯಾರೂ ಅದನ್ನು ಕಂಡಿರಲಿಲ್ಲ. ಪಂದ್ಯಾವಳಿಯ ಕೊನೆಗೆ ಅವರು ವಿಲ್ಲಿ ಮ್ಯಾಕ್‌ಫಾರ್ಲೇನ್ ಅವರೊಂದಿಗೆ ಸಮವಾಗಿ ನಿಂತು ಪ್ಲೇ ಆಫ್‌ನಲ್ಲಿ ಸೋತರು.

ಒಂದು ಹೊಡೆತದ ಬೆಲೆ ಎಷ್ಟೆಂಬುದನ್ನು ನಮ್ಮ ರಾಜ್ಯದವರಿಗೆ ವಿವರಿಸಬೇಕಾಗಿಲ್ಲ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೆಯವರಾದರು. ಪದಕಕ್ಕಾಗಿ ಪ್ಲೇ ಆಫ್ ಆಡಿದವರಿಗಿಂತ ಅವರು ಒಂದೇ ಒಂದು ಹೊಡೆತ ಹಿಂದಿದ್ದರು.

ಸ್ನೇಹದ ಆಟದಲ್ಲಿ ರೂಢಿಯಲ್ಲಿರುವ ಪರಸ್ಪರ ಹೊಂದಾಣಿಕೆಗಳಿಗೆ ಸ್ಪರ್ಧೆಯಲ್ಲಿ ಅವಕಾಶವಿಲ್ಲ. ನಿಯಮ ಅಥವಾ ದಂಡವನ್ನು ಗೊತ್ತಿದ್ದೂ ಕಡೆಗಣಿಸೋಣವೆಂದು ಇಬ್ಬರು ಆಟಗಾರರು ಒಪ್ಪಿಕೊಂಡರೆ ಇಬ್ಬರೂ ಅನರ್ಹರಾಗುತ್ತಾರೆ. ಹೋಲ್‌ನ ಸಮೀಪದ ಚೆಂಡನ್ನು "ಬಿಡಿ, ಎತ್ತಿಕೊಳ್ಳಿ" ಎಂದು ಬಿಟ್ಟುಕೊಡುವ ಪದ್ಧತಿ ಮ್ಯಾಚ್ ಪ್ಲೇ ಸ್ಪರ್ಧೆಗೆ ಮಾತ್ರ ಸಲ್ಲುತ್ತದೆ. ಸ್ಟ್ರೋಕ್ ಪ್ಲೇ ಸ್ಪರ್ಧೆಯಲ್ಲಿ ಪ್ರತಿ ಹೋಲ್‌ನಲ್ಲಿಯೂ ಚೆಂಡು ಕುಳಿಗೆ ಬೀಳಲೇಬೇಕು. ಎತ್ತಿಕೊಂಡ ಚೆಂಡನ್ನು ಮತ್ತೆ ಇಟ್ಟು ಆಟ ಪೂರ್ಣಗೊಳಿಸದೆ ಮುಂದಿನ ಟೀಯಲ್ಲಿ ಆಡಿದರೆ ಅನರ್ಹತೆ ನಿಶ್ಚಿತ.

ಸ್ಕೋರ್ ಕಾರ್ಡ್

ಪೋಷಕರು ಈ ಭಾಗವನ್ನು ವಿಶೇಷವಾಗಿ ಗಮನಿಸಬೇಕಾಗಿ ಕೋರಲಾಗಿದೆ. ಸ್ಟ್ರೋಕ್ ಪ್ಲೇ ಸ್ಪರ್ಧೆಯಲ್ಲಿ ಆಟಗಾರನ ಸ್ಕೋರನ್ನು ಮಾರ್ಕರ್ ಬರೆಯುತ್ತಾರೆ. ಸಾಮಾನ್ಯವಾಗಿ ಜೊತೆಯಲ್ಲಿ ಆಡುವ ಸ್ಪರ್ಧಿಯೇ ಮಾರ್ಕರ್ ಆಗಿರುತ್ತಾರೆ. ಬರೆದವರು ಬೇರೆಯವರಾದರೂ ಹೊಣೆ ಆಟಗಾರನದೇ. ಪ್ರತಿ ಹೋಲ್‌ನ ಅಂಕಿಯನ್ನು ತಾಳೆ ನೋಡಿ, ಮಾರ್ಕರ್ ದೃಢೀಕರಿಸಿರುವುದನ್ನು ಖಚಿತಪಡಿಸಿಕೊಂಡು, ತಾನೂ ದೃಢೀಕರಿಸಿ ಸಮಿತಿಗೆ ತಡಮಾಡದೆ ಒಪ್ಪಿಸತಕ್ಕದ್ದು. ಒಟ್ಟು ಮೊತ್ತ ಕೂಡುವುದು ಸಮಿತಿಯ ಕೆಲಸ. ಆಟಗಾರನ ಹೊಣೆ ಪ್ರತ್ಯೇಕ ಹೋಲ್‌ಗಳ ಅಂಕಿಗೆ ಸೀಮಿತ.

ವಾಸ್ತವಕ್ಕಿಂತ ಕಡಿಮೆ ಅಂಕಿ ನಮೂದಾಗಿ ಕಾರ್ಡ್ ಸಲ್ಲಿಕೆಯಾದರೆ ಅನರ್ಹತೆ. ಹೆಚ್ಚು ಅಂಕಿ ನಮೂದಾಗಿದ್ದರೆ ಆ ಹೆಚ್ಚಿನ ಅಂಕಿಯೇ ಉಳಿಯುತ್ತದೆ. ಉದ್ದೇಶಪೂರ್ವಕವೇ, ಕೈತಪ್ಪೇ ಎಂಬ ಪ್ರಶ್ನೆ ಇಲ್ಲಿ ಏಳುವುದಿಲ್ಲ. 1968ರ ಮಾಸ್ಟರ್ಸ್ ಪಂದ್ಯಾವಳಿಯ ಅಂತಿಮ ಸುತ್ತಿನಲ್ಲಿ ಅರ್ಜೆಂಟೀನಾದ ರಾಬರ್ಟೊ ಡಿ ವಿಸೆಂಜೊ 17ನೇ ಹೋಲನ್ನು 3 ಹೊಡೆತಗಳಲ್ಲಿ ಮುಗಿಸಿದ್ದನ್ನು ಲಕ್ಷಾಂತರ ಜನ ಟಿ.ವಿ.ಯಲ್ಲಿ ನೋಡಿದ್ದರು. ಮಾರ್ಕರ್ ಟಾಮಿ ಆರನ್ 4 ಎಂದು ಬರೆದರು. ಡಿ ವಿಸೆಂಜೊ ಗಮನಿಸದೆ ಸಹಿ ಹಾಕಿದರು. 65 ಆಗಬೇಕಿದ್ದ ಸುತ್ತು 66 ಎಂದೇ ದಾಖಲಾಯಿತು. ಬಾಬ್ ಗೋಲ್‌ಬಿ ಅವರೊಂದಿಗೆ ಪ್ಲೇ ಆಫ್ ಆಡಬೇಕಿದ್ದವರು ಒಂದು ಹೊಡೆತದಿಂದ ಸೋತರು. ಅಂದು ಅವರ 45ನೇ ಹುಟ್ಟುಹಬ್ಬವೂ ಆಗಿತ್ತು. ಇದು ಹಳೆಯ ಕಾಲದ ಸಂಗತಿ ಎಂದು ಭಾವಿಸಬೇಕಾಗಿಲ್ಲ. ಮೂರು ಪ್ರಮುಖ ಚಾಂಪಿಯನ್‌ಷಿಪ್‌ಗಳನ್ನು ಗೆದ್ದಿದ್ದ ಜೋರ್ಡನ್ ಸ್ಪೀತ್ 2024ರ ಫೆಬ್ರವರಿಯಲ್ಲಿ ಜೆನೆಸಿಸ್ ಇನ್ವಿಟೇಷನಲ್ ಪಂದ್ಯಾವಳಿಯಲ್ಲಿ, 4 ಹೊಡೆತ ತೆಗೆದುಕೊಂಡಿದ್ದ ಹೋಲ್‌ಗೆ 3 ಎಂದು ನಮೂದಾಗಿದ್ದ ಕಾರ್ಡಿಗೆ ಸಹಿ ಮಾಡಿ ಅನರ್ಹರಾದರು.

ಒಂದು ವಿನಾಯಿತಿ ಇದೆ. ದಂಡ ಬಿದ್ದಿರುವುದೇ ಆಟಗಾರನಿಗೆ ತಿಳಿಯದಿದ್ದು, ಆ ಕಾರಣಕ್ಕೆ ಅಂಕಿ ಕಡಿಮೆಯಾಗಿದ್ದರೆ, ಬಿಟ್ಟುಹೋದ ದಂಡವನ್ನು ಮಾತ್ರ ಸೇರಿಸಲಾಗುತ್ತದೆ. ಈ ರಿಯಾಯಿತಿಯ ಹಿಂದೆ ಒಂದು ಕಹಿ ಪ್ರಸಂಗವಿದೆ. 2017ರ ಎಎನ್ಎ ಇನ್‌ಸ್ಪಿರೇಷನ್ ಪಂದ್ಯಾವಳಿಯಲ್ಲಿ ಲೆಕ್ಸಿ ಥಾಂಪ್ಸನ್ ಗ್ರೀನ್ ಮೇಲೆ ಚೆಂಡನ್ನು ಸರಿಯಾದ ಜಾಗದಲ್ಲಿ ಇಡಲಿಲ್ಲವೆಂದು ಟಿ.ವಿ. ವೀಕ್ಷಕರೊಬ್ಬರು ಇ-ಮೇಲ್ ಮಾಡಿದರು. ಅಂತಿಮ ಸುತ್ತಿನ ನಡುವೆ ಆಕೆಗೆ ನಾಲ್ಕು ಹೊಡೆತಗಳ ದಂಡ ವಿಧಿಸಲಾಯಿತು: ತಪ್ಪು ಜಾಗಕ್ಕೆ ಎರಡು, ತಪ್ಪು ಕಾರ್ಡಿಗೆ ಎರಡು. ಪ್ಲೇ ಆಫ್‌ನಲ್ಲಿ ಆಕೆ ಸೋತರು. 2018ರಿಂದ ಪ್ರಮುಖ ವೃತ್ತಿಪರ ಪಂದ್ಯಾವಳಿಗಳಲ್ಲಿ ವೀಕ್ಷಕರ ದೂರುಗಳನ್ನು ಪರಿಗಣಿಸುವುದನ್ನು ಕೈಬಿಡಲಾಯಿತು. ಕಾರ್ಡಿನ ಹೆಚ್ಚುವರಿ ದಂಡವೂ ರದ್ದಾಯಿತು.

ಮಾರ್ಕರ್ ಆಗಿರುವ ಆಟಗಾರ ಗೊತ್ತಿದ್ದೂ ತಪ್ಪು ಅಂಕಿಯನ್ನು ದೃಢೀಕರಿಸಿದರೆ ಆತನೂ ಅನರ್ಹನಾಗಬೇಕಾಗುತ್ತದೆ. ಸ್ನೇಹಿತನಿಗೆ ಉಪಕಾರ ಮಾಡಲು ಹೋಗಿ ತನ್ನ ಸ್ಪರ್ಧೆಯನ್ನೂ ಕಳೆದುಕೊಳ್ಳುವುದು ಬುದ್ಧಿವಂತಿಕೆಯಲ್ಲ.

ನೆನಪಿನಲ್ಲಿಡಬೇಕಾದ ಕೆಲವು ಅಂಶಗಳು

ನಿಗದಿತ ಸಮಯಕ್ಕೆ ಟೀಯಲ್ಲಿ ಆಡಲು ಸಿದ್ಧರಾಗಿರತಕ್ಕದ್ದು. ಐದು ನಿಮಿಷದೊಳಗಿನ ವಿಳಂಬಕ್ಕೆ ಎರಡು ಹೊಡೆತಗಳ ದಂಡ, ಅದನ್ನು ಮೀರಿದರೆ ಅನರ್ಹತೆ. ಬ್ಯಾಗಿನಲ್ಲಿ 14ಕ್ಕಿಂತ ಹೆಚ್ಚು ಕ್ಲಬ್ ಇರುವಂತಿಲ್ಲ. ಕಳೆದ ಚೆಂಡನ್ನು ಹುಡುಕಲು ಮೂರು ನಿಮಿಷ ಮಾತ್ರ ಕಾಲಾವಕಾಶವಿದೆ. 2019ಕ್ಕೆ ಮೊದಲು ಐದು ನಿಮಿಷವಿತ್ತು. ಚೆಂಡು ಕಳೆದಿರಬಹುದೆಂಬ ಅನುಮಾನವಿದ್ದಲ್ಲಿ ತಾತ್ಕಾಲಿಕ ಚೆಂಡನ್ನು ಆಡಬಹುದು. ಆದರೆ ಅದು ತಾತ್ಕಾಲಿಕ ಚೆಂಡೆಂದು ಹೊಡೆಯುವ ಮೊದಲು ಬಾಯಿಬಿಟ್ಟು ಹೇಳಿರಬೇಕು. ಚೆಂಡನ್ನು ಕೈಬಿಡುವಾಗ ಮೊಣಕಾಲಿನ ಎತ್ತರದಿಂದ ಬಿಡತಕ್ಕದ್ದು.

ನಿಯಮದ ಬಗ್ಗೆ ಸಂದೇಹವುಂಟಾಗಿ ರೆಫರಿ ಸಿಗದಿದ್ದಲ್ಲಿ, ಸ್ಟ್ರೋಕ್ ಪ್ಲೇ ಆಟಗಾರನು ಮೊದಲೇ ಮಾರ್ಕರ್‌ಗೆ ತಿಳಿಸಿ ಆ ಹೋಲನ್ನು ಎರಡು ಚೆಂಡುಗಳಿಂದ ಮುಗಿಸಬಹುದು. ಕಾರ್ಡ್ ಒಪ್ಪಿಸುವ ಮುನ್ನ ಇದನ್ನು ಸಮಿತಿಗೆ ವರದಿ ಮಾಡಲೇಬೇಕು. ಎರಡೂ ಚೆಂಡಿನ ಸ್ಕೋರ್ ಒಂದೇ ಆಗಿದ್ದರೂ ವರದಿ ಮಾಡದಿದ್ದರೆ ಅನರ್ಹತೆ. ಅತ್ಯಂತ ಉಪಯುಕ್ತವಾದ ಈ ಅವಕಾಶವನ್ನು ಕಿರಿಯ ಆಟಗಾರರಿಗೆ ತರಬೇತುದಾರರು ತಪ್ಪದೆ ಕಲಿಸುವುದು ಅಪೇಕ್ಷಣೀಯ.

ನಡತೆ ಮತ್ತು ಪೋಷಕರ ಪಾತ್ರ

ಪ್ರಾಮಾಣಿಕತೆ, ಇತರರ ಬಗ್ಗೆ ಗೌರವ, ಮೈದಾನದ ಕಾಳಜಿ ಇವು ನಿಯಮ 1.2ರಲ್ಲಿ ಅಪೇಕ್ಷಿಸಿರುವ ನಡತೆ. ಗ್ರೀನಿಗೆ ಬೇಕೆಂದೇ ಗಂಭೀರ ಹಾನಿ ಮಾಡುವುದು, ಆಟಗಾರರ ಅಥವಾ ಪ್ರೇಕ್ಷಕರತ್ತ ಕ್ಲಬ್ ಎಸೆಯುವುದು ಮುಂತಾದ ಗಂಭೀರ ದುರ್ನಡತೆಗೆ ಸಮಿತಿಯು ಅನರ್ಹಗೊಳಿಸಬಹುದು. ಕೋಪದಲ್ಲಿ ಕ್ಲಬ್ಬನ್ನು ನೆಲಕ್ಕೆ ಬಡಿಯುವಂತಹ ಸಣ್ಣ ಅಪರಾಧಗಳಿಗೆ ಹೊಡೆತಗಳ ದಂಡ ವಿಧಿಸಬೇಕಾದರೆ ಸಮಿತಿಯು ಮೊದಲೇ ನಡತೆ ಸಂಹಿತೆಯನ್ನು ಜಾರಿಗೊಳಿಸಿರಬೇಕು.

ಆಟಗಾರನು ಸುತ್ತಿನ ಅವಧಿಯಲ್ಲಿ ತನ್ನ ಕ್ಯಾಡಿಯ ಹೊರತು ಬೇರೆ ಯಾರಿಂದಲೂ ಸಲಹೆ ಕೇಳುವಂತಿಲ್ಲ. ಕೇಳದೆಯೇ ಒಮ್ಮೆ ಸಲಹೆ ಬಂದರೆ ದಂಡವಿಲ್ಲ. ಅದೇ ವ್ಯಕ್ತಿ ಮುಂದುವರಿಸಿದಾಗ ಆಟಗಾರ ತಡೆಯಲು ಯತ್ನಿಸದಿದ್ದರೆ, ಸಲಹೆ ಕೇಳಿದಂತೆಯೇ ಪರಿಗಣಿಸಿ ಸ್ಟ್ರೋಕ್ ಪ್ಲೇನಲ್ಲಿ ಎರಡು ಹೊಡೆತಗಳ ದಂಡ ವಿಧಿಸಲಾಗುತ್ತದೆ. ಹಗ್ಗದಾಚೆ ನಿಂತು "ಏಳನೇ ಐರನ್ ತಗೋ" ಎಂದು ಕೂಗುವ ತಂದೆ ತಾಯಂದಿರು ತಮ್ಮ ಮಗುವಿನ ಸ್ಕೋರಿಗೇ ಹೊರೆಯಾಗುತ್ತಾರೆ.

ತಕರಾರುಗಳು

ರೆಫರಿ ನೀಡಿದ ತೀರ್ಮಾನವನ್ನು ಆಟಗಾರ ಪಾಲಿಸತಕ್ಕದ್ದು. ಉಳಿದ ವಿಷಯಗಳನ್ನು ಕಾರ್ಡ್ ಒಪ್ಪಿಸುವ ಮುನ್ನವೇ ಪಂದ್ಯಾವಳಿ ಸಮಿತಿಯ ಮುಂದಿಡಬೇಕು. ದಂಡ ಬಿದ್ದಿರುವುದು ಗೊತ್ತಿದ್ದೂ ಮುಚ್ಚಿಟ್ಟವರನ್ನು ಬಹುಮಾನ ವಿತರಣೆಯಾದ ನಂತರವೂ ಅನರ್ಹಗೊಳಿಸಲು ಅವಕಾಶವಿದೆ. ಆಟದ ತೀರ್ಮಾನಗಳನ್ನು ಬದಲಿಸುವ ಅಧಿಕಾರ ಇಲಾಖೆಗೆ ಇಲ್ಲದಿರುವುದರಿಂದ, ಇಂತಹ ಮನವಿಗಳನ್ನು ಸಂಬಂಧಪಟ್ಟ ಸಮಿತಿಗೇ ಲಿಖಿತವಾಗಿ ಸಲ್ಲಿಸತಕ್ಕದ್ದು.