ಬೆಳೆ ಹಾನಿ ಪರಿಹಾರ, ಭೂಪರಿಹಾರ ಮತ್ತು ಆದಾಯ ತೆರಿಗೆ ರಿಟರ್ನ್: ರೈತರಿಗೆ ಮಾಹಿತಿ

ಬರ ಅಥವಾ ಅತಿವೃಷ್ಟಿಯ ವರ್ಷಗಳಲ್ಲಿ ನಮ್ಮ ವಿಜ್ಞಾನಿಗಳು ಗ್ರಾಮಗಳಿಗೆ ಭೇಟಿ ನೀಡಿದಾಗ ಬೆಳೆಯ ಪ್ರಶ್ನೆಗಳೊಡನೆ ಇನ್ನೆರಡು ಪ್ರಶ್ನೆಗಳು ತಪ್ಪದೆ ಎದುರಾಗುತ್ತವೆ. ಪರಿಹಾರ ಧನಕ್ಕೆ ತೆರಿಗೆ ಕಟ್ಟಬೇಕೆ? ರಿಟರ್ನ್ ಸಲ್ಲಿಸಿದರೆ ಸರ್ಕಾರದ ನೆರವು ನಿಂತುಹೋಗುತ್ತದೆಯೆ? ಬೇಸಾಯ ಶಾಸ್ತ್ರದ ಪರಿಧಿಗೆ ಇವು ಸೇರದವಾದರೂ, ಎರಡನೆಯ ಪ್ರಶ್ನೆಯ ಹಿಂದಿರುವ ಭಯದಿಂದಾಗಿ ತಮಗೆ ನ್ಯಾಯವಾಗಿ ಬರಬೇಕಾದ ಹಣವನ್ನೇ ಕೈಬಿಡುವ ಕುಟುಂಬಗಳಿವೆ. ಆದುದರಿಂದ ಈ ಲೇಖನ.

ಬೆಳೆ ಹಾನಿ ಪರಿಹಾರ ರಿಟರ್ನ್ ಮೂಲಕ ಬರುವುದಿಲ್ಲ

ಪ್ರಕೃತಿ ವಿಕೋಪದಿಂದ ಶೇ. 33 ಅಥವಾ ಅದಕ್ಕಿಂತ ಹೆಚ್ಚು ಬೆಳೆ ನಷ್ಟವಾದಾಗ ರಾಜ್ಯ ವಿಪತ್ತು ಪರಿಹಾರ ನಿಧಿಯ ಮಾನದಂಡದಂತೆ ಇನ್‌ಪುಟ್ ಸಬ್ಸಿಡಿ ನೀಡಲಾಗುತ್ತದೆ. 2022–26ರ ಅವಧಿಗೆ ನಿಗದಿಯಾದ ದರವು ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ ₹8,500, ನೀರಾವರಿ ಬೆಳೆಗೆ ₹17,000 ಮತ್ತು ಬಹುವಾರ್ಷಿಕ ಬೆಳೆಗೆ ₹22,500. ಗರಿಷ್ಠ ಮಿತಿ 2 ಹೆಕ್ಟೇರ್. ಈ ಹಣಕ್ಕೆ ಆಧಾರ ಕಂದಾಯ, ಕೃಷಿ ಮತ್ತು ತೋಟಗಾರಿಕೆ ಇಲಾಖೆಗಳ ಜಂಟಿ ಸಮೀಕ್ಷೆ, ಪಹಣಿ, ಫ್ರೂಟ್ಸ್ ಗುರುತಿನ ಸಂಖ್ಯೆ ಮತ್ತು ಬೆಳೆ ಸಮೀಕ್ಷೆಯ ದಾಖಲೆ. ‘ಪರಿಹಾರ’ ತಂತ್ರಾಂಶದಲ್ಲಿ ವಿವರ ದಾಖಲಾದ ಮೇಲೆ ಮೊತ್ತವು ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ ನೇರವಾಗಿ ಜಮೆಯಾಗುತ್ತದೆ. ಆದಾಯ ತೆರಿಗೆ ರಿಟರ್ನಿಗೆ ಇಲ್ಲಿ ಯಾವ ಪಾತ್ರವೂ ಇಲ್ಲ. ತೆರಿಗೆ ಪಾವತಿದಾರರನ್ನು ಹೊರಗಿಡುವ ಷರತ್ತೂ ಈ ಮಾನದಂಡದಲ್ಲಿ ಇಲ್ಲ.

ಹಣ ಬಾರದಿದ್ದಲ್ಲಿ ಕಾರಣವನ್ನು ಈ ದಾಖಲೆಗಳಲ್ಲೇ ಹುಡುಕಬೇಕು. ಹೊಲದಲ್ಲಿ ತೊಗರಿ, ಬೆಳೆ ಸಮೀಕ್ಷೆಯಲ್ಲಿ ಹತ್ತಿ ಎಂದಿದ್ದರೆ ಅರ್ಜಿ ತಡೆಯಲ್ಪಡುತ್ತದೆ. ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿದ್ದರೆ ಫ್ರೂಟ್ಸ್ ಸಂಖ್ಯೆಗೆ ಆ ಸರ್ವೆ ನಂಬರು ಸೇರುವುದೇ ಇಲ್ಲ. ಪೌತಿ ಖಾತೆ ಮಾಡಿಸಿಕೊಳ್ಳುವುದೊಂದೇ ದಾರಿ. ಹಲವು ಬ್ಯಾಂಕುಗಳಲ್ಲಿ ಖಾತೆ ಇರುವವರು, ಆಧಾರ್ ಕೊನೆಯದಾಗಿ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಆ ಖಾತೆಯನ್ನೊಮ್ಮೆ ಪರಿಶೀಲಿಸಬೇಕು. ಹಣ ಬಂದಿಲ್ಲವೆಂದು ದೂರುವವರಲ್ಲಿ ಕೆಲವರ ಹಣ ಮರೆತುಹೋದ ಹಳೆಯ ಖಾತೆಯಲ್ಲಿಯೇ ಇರುತ್ತದೆ.

ಈ ಪರಿಹಾರಕ್ಕೆ ತೆರಿಗೆಯೂ ಇಲ್ಲ. ವಿಪತ್ತಿನ ಕಾರಣದಿಂದ ಕೇಂದ್ರ ಸರ್ಕಾರ, ರಾಜ್ಯ ಸರ್ಕಾರ ಅಥವಾ ಸ್ಥಳೀಯ ಪ್ರಾಧಿಕಾರದಿಂದ ವ್ಯಕ್ತಿಗೆ ಅಥವಾ ಆತನ ವಾರಸುದಾರರಿಗೆ ದೊರೆಯುವ ಪರಿಹಾರಕ್ಕೆ 1961ರ ಆದಾಯ ತೆರಿಗೆ ಕಾಯ್ದೆಯ ಕಲಂ 10(10ಬಿಸಿ) ವಿನಾಯಿತಿ ನೀಡಿದೆ. ಬೆಳೆ ವಿಮೆಯ ಮೊತ್ತ ವಿಮಾ ಕಂಪನಿಯಿಂದ ಬರುವಂಥದು. ಅದನ್ನು ಇದರೊಡನೆ ಬೆರೆಸಬಾರದು.

ರಿಟರ್ನ್ ಮೂಲಕವೇ ಕೇಳಬೇಕಾದ ಹಣ

ರೈತರಿಗೆ ಬರಬೇಕಾದ ಹಣದಲ್ಲಿ ರಿಟರ್ನ್ ಸಲ್ಲಿಸದೆ ಬಾರದೇ ಇರುವುದು ಒಂದೇ. ಅದು ಮೂಲದಲ್ಲಿ ಕಡಿತವಾದ ತೆರಿಗೆ, ಅಂದರೆ ಟಿಡಿಎಸ್. ನೀರಾವರಿ ಯೋಜನೆ ಅಥವಾ ಹೆದ್ದಾರಿಗೆ ಭೂಮಿ ಕಳೆದುಕೊಂಡು ಪರಿಹಾರವನ್ನು ಠೇವಣಿ ಇಟ್ಟ ಕುಟುಂಬಗಳಿಗೆ ಇದು ಸಣ್ಣ ಮೊತ್ತವಲ್ಲ.

ಒಂದು ಲೆಕ್ಕ ನೋಡಿ. ₹20 ಲಕ್ಷವನ್ನು ಶೇ. 7ರ ಬಡ್ಡಿಗೆ ಠೇವಣಿ ಇಟ್ಟರೆ ವರ್ಷಕ್ಕೆ ₹1,40,000 ಬಡ್ಡಿ ಬರುತ್ತದೆ. 2025ರ ಏಪ್ರಿಲ್ 1ರಿಂದ ಬ್ಯಾಂಕ್ ಬಡ್ಡಿ ವರ್ಷಕ್ಕೆ ₹50,000 ಮೀರಿದರೆ, ಹಿರಿಯ ನಾಗರಿಕರಿಗೆ ₹1 ಲಕ್ಷ ಮೀರಿದರೆ, ಶೇ. 10ರಷ್ಟು ಟಿಡಿಎಸ್ ಕಡಿತವಾಗುತ್ತದೆ. ಇಲ್ಲಿ ₹14,000 ಹೋಯಿತು. ಬೇರೆ ಆದಾಯವಿಲ್ಲದ ರೈತನಿಗೆ ಈ ಬಡ್ಡಿಯ ಮೇಲೆ ತೆರಿಗೆಯೇ ಇಲ್ಲ; ಆದರೂ ರಿಟರ್ನ್ ಸಲ್ಲಿಸದಿದ್ದರೆ ₹14,000 ಮರಳಿ ಬರುವುದಿಲ್ಲ. ಪ್ಯಾನ್ ಕೊಡದವರಿಗೆ ಕಡಿತದ ದರ ಶೇ. 20, ಅಂದರೆ ₹28,000. ಅದಕ್ಕಿಂತ ದೊಡ್ಡ ತೊಂದರೆಯೆಂದರೆ ಪ್ಯಾನ್ ಇಲ್ಲದೆ ಕಡಿತವಾದ ತೆರಿಗೆ ಯಾರ ಲೆಕ್ಕಕ್ಕೂ ಜಮೆಯಾಗುವುದಿಲ್ಲ. ಹಾಗಾದಾಗ ಮರುಪಾವತಿ ಕೇಳಲು ಆಧಾರವೇ ಉಳಿಯುವುದಿಲ್ಲ. ಜಂಟಿ ಠೇವಣಿಯಲ್ಲಿ ಕಡಿತವು ಮೊದಲ ಹೆಸರಿನವರ ಪ್ಯಾನಿಗೆ ದಾಖಲಾಗುತ್ತದೆ ಎಂಬುದನ್ನೂ ಠೇವಣಿ ಇಡುವ ದಿನವೇ ಯೋಚಿಸಿರಿ.

ಕಡಿತವನ್ನು ಮೊದಲೇ ತಡೆಯುವ ದಾರಿಯೂ ಇದೆ. ತೆರಿಗೆ ಬಾರದಷ್ಟು ಆದಾಯವಿರುವವರು ಹಣಕಾಸು ವರ್ಷದ ಆರಂಭದಲ್ಲಿ ಬ್ಯಾಂಕಿಗೆ ಫಾರಂ 15ಜಿ, 60 ವರ್ಷ ತುಂಬಿದವರು 15ಎಚ್ ಸಲ್ಲಿಸಬಹುದು. ಇದನ್ನು ಪ್ರತಿ ವರ್ಷ, ಪ್ರತಿ ಬ್ಯಾಂಕಿಗೂ ಕೊಡಬೇಕು. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬರುವುದರಿಂದ ಆ ದಿನದ ನಂತರದ ಆದಾಯಕ್ಕೆ ಕಲಂ ಮತ್ತು ಫಾರಂಗಳ ಸಂಖ್ಯೆ ಬದಲಾಗುತ್ತದೆ. ಬ್ಯಾಂಕಿನಲ್ಲಿ ಚಾಲ್ತಿಯಲ್ಲಿರುವ ಫಾರಂ ಯಾವುದೆಂದು ಕೇಳಿ ಪಡೆಯಿರಿ. 2025–26ರ ಆದಾಯಕ್ಕೆ ಹಳೆಯ ಕಾಯ್ದೆಯೇ ಅನ್ವಯ.

ಭೂಸ್ವಾಧೀನ ಪರಿಹಾರದ ವಿಷಯವನ್ನು ಬಿಡಿಸಿ ನೋಡಬೇಕಾಗುತ್ತದೆ. ಕೃಷಿ ಭೂಮಿಯ ಕಡ್ಡಾಯ ಸ್ವಾಧೀನಕ್ಕೆ ನೀಡುವ ಪರಿಹಾರದ ಮೇಲೆ ಕಲಂ 194ಎಲ್‌ಎ ಪ್ರಕಾರ ಟಿಡಿಎಸ್ ಕಡಿತ ಮಾಡುವಂತಿಲ್ಲ. 2013ರ ಭೂಸ್ವಾಧೀನ ಕಾಯ್ದೆಯ ಕಲಂ 96 ಆ ಕಾಯ್ದೆಯಡಿಯ ಪರಿಹಾರಕ್ಕೆ ಆದಾಯ ತೆರಿಗೆಯಿಂದ ವಿನಾಯಿತಿ ನೀಡಿದ್ದು, ಕೇಂದ್ರ ನೇರ ತೆರಿಗೆಗಳ ಮಂಡಳಿಯ 2016ರ ಸುತ್ತೋಲೆ ಸಂಖ್ಯೆ 36 ಇದನ್ನು ಸ್ಪಷ್ಟಪಡಿಸಿದೆ. ಆದರೆ ನ್ಯಾಯಾಲಯದಲ್ಲಿ ಪರಿಹಾರ ಹೆಚ್ಚಿಸಿಕೊಂಡಾಗ ಅದರೊಡನೆ ಬರುವ ಬಡ್ಡಿಯನ್ನು 1961ರ ಕಾಯ್ದೆ ಬೇರೆಯಾಗಿ ಕಾಣುತ್ತದೆ: ಕೈಗೆ ಬಂದ ವರ್ಷದ ಆದಾಯವೆಂದು ಎಣಿಸಿ, ಅರ್ಧವನ್ನು ಕಳೆದು, ಉಳಿದರ್ಧಕ್ಕೆ ತೆರಿಗೆ ಲೆಕ್ಕ ಹಾಕುತ್ತದೆ. ಟಿಡಿಎಸ್ ಮಾತ್ರ ಪೂರ್ಣ ಬಡ್ಡಿಯ ಮೇಲೆ ಕಡಿತವಾಗುತ್ತದೆ. 2025–26ರಲ್ಲಿ ₹10 ಲಕ್ಷ ಬಡ್ಡಿ ಬಂದಿದ್ದರೆ ₹1 ಲಕ್ಷ ಕಡಿತವಾಗಿರುತ್ತದೆ; ತೆರಿಗೆಗೆ ಒಳಪಡುವುದು ₹5 ಲಕ್ಷ; ಬೇರೆ ಆದಾಯವಿಲ್ಲದಿದ್ದರೆ ಹೊಸ ತೆರಿಗೆ ಪದ್ಧತಿಯ ರಿಯಾಯಿತಿಯಿಂದ ತೆರಿಗೆ ಸೊನ್ನೆ. ಪೂರ್ಣ ₹1 ಲಕ್ಷ ಮರಳಿ ಬರತಕ್ಕದ್ದು. ವಕೀಲರಿಂದ ಆದೇಶದ ಪ್ರತಿಯನ್ನು ಪಡೆಯುವಾಗ ಅಸಲು ಎಷ್ಟು, ಬಡ್ಡಿ ಎಷ್ಟು ಎಂಬ ವಿಂಗಡಣೆಯ ಪಟ್ಟಿಯನ್ನೂ ಕೇಳಿ ಪಡೆಯಿರಿ. ಅದಿಲ್ಲದೆ ಲೆಕ್ಕ ಮುಂದೆ ಸಾಗದು.

ಯಾವ ಫಾರಂ, ಯಾವ ಆದಾಯ

ಕೃಷಿ ಆದಾಯಕ್ಕೆ ಕಲಂ 10(1)ರಡಿ ತೆರಿಗೆ ಇಲ್ಲ. ನರ್ಸರಿಯಲ್ಲಿ ಬೆಳೆಸಿದ ಸಸಿಗಳ ಮಾರಾಟವೂ ಕೃಷಿ ಆದಾಯವೇ. ಹೈನುಗಾರಿಕೆ ಮತ್ತು ಕೋಳಿ ಸಾಕಣೆ ಕೃಷಿ ಆದಾಯವಲ್ಲ. ಕಾಫಿಯನ್ನು ಬೆಳೆದು ಹಾಗೆಯೇ ಮಾರಿದರೆ ತೆರಿಗೆ ಇಲ್ಲ. ಬೆಳೆಗಾರರೇ ಕ್ಯೂರಿಂಗ್ ಮಾಡಿ ಮಾರಿದರೆ ಆ ಆದಾಯದ ಶೇ. 25 ಭಾಗವನ್ನು ವ್ಯವಹಾರದ ಆದಾಯವೆಂದು ಪರಿಗಣಿಸಲಾಗುತ್ತದೆ.

ಕೃಷಿ ಆದಾಯ ₹5,000 ಮೀರಿದ್ದರೆ ಐಟಿಆರ್-1 ಅಥವಾ ಐಟಿಆರ್-4 ಬಳಸುವಂತಿಲ್ಲ. ಸೈಬರ್ ಕೇಂದ್ರಗಳಲ್ಲಿ ಸುಲಭವೆಂದು ಐಟಿಆರ್-1 ತುಂಬಿ, ಕೃಷಿ ಆದಾಯವನ್ನು ಕೈಬಿಡುವುದೋ ₹5,000 ಎಂದು ಬರೆಯುವುದೋ ರೂಢಿಯಾಗಿದೆ, ಇದು ಸರಿಯಲ್ಲ. ಬಡ್ಡಿ, ಬಾಡಿಗೆ, ಪಿಂಚಣಿ ಇರುವ ರೈತರಿಗೆ ಐಟಿಆರ್-2, ಹೈನುಗಾರಿಕೆಯಂಥ ವ್ಯವಹಾರವಿದ್ದವರಿಗೆ ಐಟಿಆರ್-3. ನಿವ್ವಳ ಕೃಷಿ ಆದಾಯ ₹5 ಲಕ್ಷ ಮೀರಿದರೆ ಜಮೀನಿನ ಜಿಲ್ಲೆ, ಪಿನ್‌ಕೋಡ್, ವಿಸ್ತೀರ್ಣ, ಸ್ವಂತದ್ದೋ ಗೇಣಿಯದೋ, ನೀರಾವರಿಯೋ ಮಳೆಯಾಶ್ರಿತವೋ ಎಂಬ ವಿವರ ಕೊಡಬೇಕು. ಪಹಣಿಯೊಡನೆ ಇವು ತಾಳೆಯಾಗಬೇಕು. ಎಕರೆಗೆ ಬರಲಾರದಷ್ಟು ಆದಾಯವನ್ನು ಬರೆದು ಬೇರೆ ಹಣವನ್ನು ಕೃಷಿಯ ಹೆಸರಿನಲ್ಲಿ ತೋರಿಸುವವರ ಮಾತಿಗೆ ತಮ್ಮ ಪ್ಯಾನ್ ಕೊಡಬೇಡಿ.

ಕೃಷಿ ಆದಾಯಕ್ಕೆ ತೆರಿಗೆ ಇಲ್ಲದಿದ್ದರೂ ಇತರ ಆದಾಯದ ಮೇಲಿನ ತೆರಿಗೆಯ ದರವನ್ನು ನಿರ್ಧರಿಸಲು ಅದನ್ನು ಕೂಡಿಸಲಾಗುತ್ತದೆ. ಬಾಡಿಗೆ ಮತ್ತು ಬಡ್ಡಿಯಿಂದ ನಿವ್ವಳ ₹5 ಲಕ್ಷ, ಕೃಷಿಯಿಂದ ₹6 ಲಕ್ಷ ಇದೆಯೆನ್ನಿ. 2025–26ರ ಹೊಸ ಪದ್ಧತಿಯಲ್ಲಿ ಒಟ್ಟು ₹11 ಲಕ್ಷಕ್ಕೆ ತೆರಿಗೆ ₹50,000. ಕೃಷಿ ಆದಾಯಕ್ಕೆ ಮೂಲ ವಿನಾಯಿತಿ ₹4 ಲಕ್ಷ ಸೇರಿಸಿದ ₹10 ಲಕ್ಷಕ್ಕೆ ₹40,000. ವ್ಯತ್ಯಾಸ ₹10,000 ತೆರಿಗೆಯಾಗುತ್ತದೆ. ತೆರಿಗೆಗೊಳಪಡುವ ಆದಾಯ ₹12 ಲಕ್ಷದೊಳಗೆ ಇರುವುದರಿಂದ ಕಲಂ 87ಎ ರಿಯಾಯಿತಿ ಅದನ್ನೂ ಸೊನ್ನೆಗೆ ತರುತ್ತದೆ. ಆದರೆ ಆದಾಯ ₹4 ಲಕ್ಷ ದಾಟಿರುವ ಕಾರಣ ರಿಟರ್ನ್ ಸಲ್ಲಿಸುವುದು ಕಡ್ಡಾಯ.

ನೆರವು ನಿಲ್ಲುವುದು ಯಾವಾಗ

ಪಿಎಂ-ಕಿಸಾನ್ ಮಾರ್ಗಸೂಚಿಯು ಹೊರಗಿಡುವುದು ಕಳೆದ ತೆರಿಗೆ ನಿರ್ಧರಣಾ ವರ್ಷದಲ್ಲಿ ಆದಾಯ ತೆರಿಗೆ ‘ಪಾವತಿಸಿದ’ವರನ್ನು, ರಿಟರ್ನ್ ‘ಸಲ್ಲಿಸಿದ’ವರನ್ನಲ್ಲ. ತೆರಿಗೆ ಸೊನ್ನೆಯಾಗಿ ಟಿಡಿಎಸ್ ಪೂರ್ತಿ ಮರಳಿ ಪಡೆದವರು ಈ ಮಾತಿನ ಅರ್ಥದಲ್ಲಿ ತೆರಿಗೆ ಪಾವತಿಸಿದವರಲ್ಲ. ಕಂತು ನಿಂತರೆ, ಕಲಂ 143(1)ರಡಿ ಇಲಾಖೆ ಕಳುಹಿಸುವ ಸೂಚನಾ ಪತ್ರದ ಪ್ರತಿಯೊಂದಿಗೆ ರೈತ ಸಂಪರ್ಕ ಕೇಂದ್ರಕ್ಕೆ ಲಿಖಿತ ಮನವಿ ನೀಡಿರಿ. ಆ ಪತ್ರದಲ್ಲಿ ತೆರಿಗೆ ಸೊನ್ನೆಯೆಂದು ಇಲಾಖೆಯೇ ಬರೆದಿರುತ್ತದೆ.

ಇಲ್ಲಿ ಕುಟುಂಬವೆಂದರೆ ಪತಿ, ಪತ್ನಿ ಮತ್ತು ಅಪ್ರಾಪ್ತ ಮಕ್ಕಳು. ಪತಿ ತೆರಿಗೆ ಕಟ್ಟುತ್ತಿದ್ದರೆ ಜಮೀನು ಪತ್ನಿಯ ಹೆಸರಿನಲ್ಲಿದ್ದರೂ ವರ್ಷದ ₹6,000 ದೊರೆಯದು, ಪಡೆದಿದ್ದರೆ ಮರಳಿಸಬೇಕಾಗುತ್ತದೆ. ವಯಸ್ಕ ಮಗ ನಗರದಲ್ಲಿ ನೌಕರಿಯಲ್ಲಿದ್ದು ತೆರಿಗೆ ಕಟ್ಟಿದರೆ ತಂದೆಯ ಕಂತಿಗೆ ಅದರಿಂದ ಬಾಧಕವಿಲ್ಲ. ಗೃಹಲಕ್ಷ್ಮಿ ಯೋಜನೆಯ ಮಾತು ತುಸು ಬೇರೆ: ಮಹಿಳೆ ಅಥವಾ ಆಕೆಯ ಪತಿ ಆದಾಯ ತೆರಿಗೆ ಪಾವತಿದಾರರಾಗಿದ್ದರೆ ಅಥವಾ ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಾಗಿದ್ದರೆ ಅನರ್ಹತೆ. ಗೊಬ್ಬರದ ಅಂಗಡಿಯೋ ಬಾಡಿಗೆ ಯಂತ್ರೋಪಕರಣದ ವ್ಯವಹಾರವೋ ಇರುವ ಕುಟುಂಬಗಳು ಇದನ್ನು ಗಮನಿಸಬೇಕು. ಎರಡು ಬೇರೆ ಯೋಜನೆಗಳ ಷರತ್ತುಗಳನ್ನು ಒಂದೇ ಎಂದು ತಿಳಿದದ್ದರಿಂದಲೇ ಊರುಗಳಲ್ಲಿ ಗೊಂದಲ ಹುಟ್ಟಿದೆ ಎಂಬುದು ನನ್ನ ಅಭಿಪ್ರಾಯ.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

ರೈತರ ಪ್ಯಾನ್ ಆಧಾರಿನೊಡನೆ ಜೋಡಣೆಯಾಗಿದೆಯೇ ಎಂಬುದನ್ನು ಮೊದಲು ನೋಡಿ. ನಿಷ್ಕ್ರಿಯ ಪ್ಯಾನಿಗೆ ಮರುಪಾವತಿ ಬಿಡುಗಡೆಯಾಗದು. ಬಳಿಕ ಆದಾಯ ತೆರಿಗೆ ಪೋರ್ಟಲಿನಲ್ಲಿ ಫಾರಂ 26ಎಎಸ್ ಮತ್ತು ವಾರ್ಷಿಕ ಮಾಹಿತಿ ಪಟ್ಟಿಯನ್ನು ತೆರೆದು, ಯಾವ ಬ್ಯಾಂಕು ಅಥವಾ ಕಚೇರಿ ಎಷ್ಟು ಕಡಿತ ಮಾಡಿದೆ ಎಂದು ನೋಡಬೇಕು. ಮರುಪಾವತಿ ಪಡೆಯುವ ಖಾತೆಯನ್ನು ಅಲ್ಲಿಯೇ ಮೌಲ್ಯೀಕರಿಸಬೇಕು. ರಿಟರ್ನ್ ಸಲ್ಲಿಸಿದ 30 ದಿನಗಳೊಳಗೆ ಇ-ಪರಿಶೀಲನೆ ಮಾಡದಿದ್ದರೆ ಶ್ರಮ ವ್ಯರ್ಥ. ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ಮನೆಯ ಯಾರ ಬಳಿಯಿದೆ ಎಂಬುದೂ ಇಲ್ಲಿ ಮುಖ್ಯವಾಗುತ್ತದೆ. ಮರುಪಾವತಿಯಲ್ಲಿ ಪಾಲು ಕೇಳುವ, ಇಲ್ಲದ ಕಡಿತಗಳನ್ನು ತೋರಿಸುವ ಮಧ್ಯವರ್ತಿಗಳ ಕೈಗೆ ಪಾಸ್‌ವರ್ಡ್ ಹೋಗದಂತೆ ಎಚ್ಚರಿಸಿ. ಸುಳ್ಳು ಕ್ಲೇಮಿಗೆ ಹೊಣೆ ಸಹಿ ಮಾಡಿದ ರೈತನದೇ.

ಐಟಿಆರ್-2 ಸಲ್ಲಿಸಲು ಸಾಮಾನ್ಯವಾಗಿ ಜುಲೈ 31 ಕೊನೆಯ ದಿನ. ತಡವಾದ ರಿಟರ್ನನ್ನು ಡಿಸೆಂಬರ್ 31ರವರೆಗೆ ಸಲ್ಲಿಸಬಹುದು. ಆದಾಯವು ಮೂಲ ವಿನಾಯಿತಿ ಮಿತಿಯೊಳಗಿದ್ದರೆ ವಿಳಂಬ ಶುಲ್ಕವಿಲ್ಲ. ಹಿಂದಿನ ವರ್ಷಗಳ ಟಿಡಿಎಸ್ ಬಾಕಿಯಿದ್ದಲ್ಲಿ, ಸಕಾರಣ ತೋರಿಸಿ ವಿಳಂಬ ಮನ್ನಿಸುವಂತೆ ಕಲಂ 119(2)(ಬಿ) ಅಡಿ ಅರ್ಜಿ ಸಲ್ಲಿಸಲು ಅವಕಾಶವಿದೆ. 2024ರ ಅಕ್ಟೋಬರ್ 1ರ ಸುತ್ತೋಲೆಯಂತೆ ಸಂಬಂಧಿಸಿದ ತೆರಿಗೆ ನಿರ್ಧರಣಾ ವರ್ಷದ ಕೊನೆಯಿಂದ 5 ವರ್ಷಗಳವರೆಗೆ ಮಾತ್ರ ಈ ಅರ್ಜಿಯನ್ನು ಸ್ವೀಕರಿಸಲಾಗುತ್ತದೆ. ಠೇವಣಿದಾರರು ತೀರಿಹೋಗಿದ್ದರೆ ವಾರಸುದಾರರು ಪೋರ್ಟಲಿನಲ್ಲಿ ಕಾನೂನುಬದ್ಧ ಪ್ರತಿನಿಧಿಯೆಂದು ನೋಂದಾಯಿಸಿಕೊಂಡು ಅವರ ಪರವಾಗಿ ರಿಟರ್ನ್ ಸಲ್ಲಿಸಿ ಮರುಪಾವತಿ ಕೇಳಬಹುದು. ಇದಕ್ಕೆ ಮರಣ ಪ್ರಮಾಣ ಪತ್ರ, ಮೃತರ ಪ್ಯಾನ್ ಮತ್ತು ವಾರಸುದಾರಿಕೆಯ ಪ್ರಮಾಣ ಪತ್ರ ಬೇಕಾಗುತ್ತವೆ.