ಮಿಣುಕುವ ಫಾಗ್ ಲ್ಯಾಂಪಿನ ಹಿಂದಿನ ನೂರು ವರ್ಷ

ಶನಿವಾರ ಬೆಳಗಿನ ಜಾವ ನಂದಿಬೆಟ್ಟದ ದಾರಿಯಲ್ಲಿ ನಿಂತು ನೋಡಿ. ಹೋಗೋ ಬೈಕುಗಳಲ್ಲಿ ಎಷ್ಟೋ ಗಾಡಿಗಳ ಕ್ರ್ಯಾಶ್ ಗಾರ್ಡ್ ಮೇಲೆ ಎರಡು ಫಾಗ್ ಲ್ಯಾಂಪ್ ಕೂತಿರುತ್ತೆ. ಅದರಲ್ಲಿ ಕೆಲವು ಮಿಣಮಿಣ ಅಂತಿರುತ್ತವೆ, ಕೆಲವಕ್ಕೆ ಒಂದೇ ಕಣ್ಣು. ಟೀ ಅಂಗಡಿ ಹತ್ರ ನಿಲ್ಲಿಸಿದಾಗ ಗಾಡಿಯವರನ್ನ ಕೇಳಿದರೆ ಉತ್ತರ ಒಂದೇ: "ಲೈಟ್ ಡೂಪ್ಲಿಕೇಟ್ ಇರ್ಬೇಕು ಗುರು."

ಬಹಳ ಸಲ ಲೈಟಿನ ತಪ್ಪೇನೂ ಇರಲ್ಲ. ಬೈಕಿನ ದೀಪಕ್ಕೆ ಒಂದು ಚರಿತ್ರೆ ಇದೆ, ಪ್ರತಿ ಕಾಲಕ್ಕೂ ಅದರದ್ದೇ ಕಾಯಿಲೆ ಇದೆ. ಈ ಕಾಲದ ಕಾಯಿಲೆಗೆ ಹೋದ ಕಾಲದ ಔಷಧ ಕೊಡ್ತಿರೋದೇ ನಮ್ಮ ತಾಪತ್ರಯ.

ಮೊದಲ ಬೈಕುಗಳ ದೀಪದಲ್ಲಿ ಕರೆಂಟೇ ಇರಲಿಲ್ಲ. 1892ರಲ್ಲಿ ಥಾಮಸ್ ವಿಲ್ಸನ್ ಕ್ಯಾಲ್ಸಿಯಂ ಕಾರ್ಬೈಡನ್ನು ಅಗ್ಗವಾಗಿ ತಯಾರಿಸುವ ದಾರಿ ಕಂಡುಕೊಂಡ ಮೇಲೆ ಸೈಕಲ್ಲು, ಕಾರು, ಮೋಟಾರ್ ಸೈಕಲ್ಲುಗಳಿಗೆಲ್ಲ ಕಾರ್ಬೈಡ್ ದೀಪ ಬಂತು. ಕೆಳಗಿನ ಡಬ್ಬಿಯಲ್ಲಿ ಕಾರ್ಬೈಡ್ ಹರಳು, ಮೇಲಿನದರಲ್ಲಿ ನೀರು. ನೀರು ತೊಟ್ಟಿಕ್ಕಿದರೆ ಅಸಿಟಿಲೀನ್ ಅನಿಲ, ಅದಕ್ಕೆ ಬೆಂಕಿ ಕಡ್ಡಿ ಗೀರಿದರೆ ಬೆಳ್ಳಗಿನ ಬೆಳಕು. ಮಾವಿನಕಾಯಿಯನ್ನ ಕದ್ದುಮುಚ್ಚಿ ಹಣ್ಣು ಮಾಡೋಕೆ ಬಳಸ್ತಾರಲ್ಲ, ಅದೇ ಬೆಳ್ಳುಳ್ಳಿ ವಾಸನೆಯ ಕಾರ್ಬೈಡು. ದೀಪ ಮಂಕಾದರೆ ನೋಡಬೇಕಾದ್ದು ಮೂರೇ: ನೀರು ಇದೆಯಾ, ಕಾರ್ಬೈಡ್ ಮುಗಿದಿದೆಯಾ, ತೂತು ಕಟ್ಟಿಕೊಂಡಿದೆಯಾ. ತೂತಿಗೆ ಒಂದು ಸಣ್ಣ ತಂತಿ ಚುಚ್ಚಿದರೆ ರಿಪೇರಿ ಮುಗೀತು.

ಕರೆಂಟು ಬಂದಿದ್ದು ಎಡವುತ್ತಾ. 1914ರಲ್ಲಿ ಅಮೆರಿಕದ ಇಂಡಿಯನ್ ಕಂಪನಿ 'ಹೆಂಡೀ ಸ್ಪೆಷಲ್' ಅನ್ನೋ ಬೈಕ್ ತಂತು. ವಿದ್ಯುತ್ ದೀಪ, ಜೊತೆಗೆ ಸೆಲ್ಫ್ ಸ್ಟಾರ್ಟರ್! ಆದರೆ ಆ ಕಾಲದ ಬ್ಯಾಟರಿಗೆ ಅಷ್ಟು ಹೊರೆ ಹೊರೋ ತಾಕತ್ತಿರಲಿಲ್ಲ, ಮಾದರಿ ಬೇಗನೇ ಮರೆಯಾಯಿತು. ಮುಂದಿನ ವರ್ಷ ಹಾರ್ಲೆ ಡೇವಿಡ್ಸನ್ ವಿದ್ಯುತ್ ದೀಪದ ಬೈಕುಗಳನ್ನ ತಂತು. ಬ್ರಿಟನ್ನಿನಲ್ಲಿ ಈ ಕೆಲಸ ಬಹುಪಾಲು ಬರ್ಮಿಂಗ್‌ಹ್ಯಾಮಿನ ಜೋಸೆಫ್ ಲ್ಯೂಕಸ್ ಕಂಪನಿಯ ಪಾಲಾಯಿತು. 'ರಸ್ತೆಯ ರಾಜ' ಅಂತ ಹೆಸರಿಟ್ಟು ಎಣ್ಣೆ ದೀಪ ಮಾರುತ್ತಿದ್ದ ಕಂಪನಿಯದು. ಕೊನೆಗೆ ಬೈಕ್ ಸವಾರರು ಅದಕ್ಕೆ ಕೊಟ್ಟ ಬಿರುದು ಮಾತ್ರ 'ಕತ್ತಲೆಯ ರಾಜಕುಮಾರ'. ಲ್ಯೂಕಸ್ ಸ್ವಿಚ್ಚಿಗೆ ಮೂರು ಸ್ಥಾನ, ಮಂಕು, ಮಿಣುಕು, ಬಂದ್ ಅಂತ ಜೋಕು ಬೇರೆ.

ಜೋಕಿನಲ್ಲಿ ಸತ್ಯ ಇದೆ, ಆದರೆ ತಪ್ಪೆಲ್ಲ ಲ್ಯೂಕಸ್‌ದಲ್ಲ. ಆಗಿನ ಬೈಕುಗಳದ್ದು 6 ವೋಲ್ಟ್. ಹೈಸ್ಕೂಲ್ ಲೆಕ್ಕ ಹಾಕೋಣ. 35 ವಾಟಿನ ಬಲ್ಬಿಗೆ 6 ವೋಲ್ಟಿನಲ್ಲಿ ಸುಮಾರು 6 ಆಂಪಿಯರ್ ಬೇಕು. ತುಕ್ಕು ಹಿಡಿದ ಒಂದು ಜಾಯಿಂಟಿನಲ್ಲಿ ಬರೀ 0.1 ಓಮ್ ತಡೆ ಇದೆ ಅನ್ನಿ. ಅಲ್ಲೇ 0.6 ವೋಲ್ಟ್ ಹೋಯಿತು, ಅಂದರೆ ಶೇಕಡಾ 10. ಫಿಲಮೆಂಟ್ ಬಲ್ಬಿನ ಗುಣ ಏನಂದರೆ, ವೋಲ್ಟೇಜ್ ಶೇಕಡಾ 10 ಇಳಿದರೆ ಬೆಳಕು ಸುಮಾರು 30ರಷ್ಟು ಇಳಿಯುತ್ತೆ. ಅದೇ ತುಕ್ಕು, ಅದೇ ವಾಟು, 12 ವೋಲ್ಟಿನಲ್ಲಿ ಆದರೆ ಬೆಳಕಿನ ನಷ್ಟ ಶೇಕಡಾ 8ರ ಆಸುಪಾಸು. ಬೈಕುಗಳು 12 ವೋಲ್ಟಿಗೆ ಹೋಗಿದ್ದಕ್ಕೆ ಇದೂ ಒಂದು ಕಾರಣ.

ಚೆಕೊಸ್ಲೊವಾಕಿಯಾದ ಲೈಸೆನ್ಸಿನಲ್ಲಿ ಮೈಸೂರಿನ ಯಾದವಗಿರಿಯಲ್ಲಿ ತಯಾರಾಗುತ್ತಿದ್ದ ಜಾವಾ ಕೂಡ 6 ವೋಲ್ಟಿನ ಗಾಡಿಯೇ. 1973ರಲ್ಲಿ ಅದು ಯೆಜ್ಡಿ ಆಯಿತು, 1996ರಲ್ಲಿ ಐಡಿಯಲ್ ಜಾವಾ ಬಾಗಿಲು ಹಾಕಿತು. ನಾನು ಚಿಕ್ಕವನಿದ್ದಾಗ ನಮ್ಮೂರಲ್ಲಿ ಮೇಷ್ಟ್ರ ಹತ್ರ ಒಂದು ಯೆಜ್ಡಿ ಇತ್ತು. ಬ್ಯಾಟರಿ ಸೊರಗಿದ್ದ ಗಾಡಿ, ಗುಂಡಿ ಸಿಕ್ಕಿ ಎಂಜಿನ್ ನಿಧಾನ ಆದರೆ ದೀಪ ಕೆಂಡದ ಬಣ್ಣಕ್ಕೆ ಬರೋದು. ಬೆಳಕು ಬೇಕೇ ಬೇಕಾದ ಜಾಗದಲ್ಲೇ ಬೆಳಕಿಲ್ಲ. ಊರಿನ ಮೆಕ್ಯಾನಿಕ್ ಹತ್ರ ಅದಕ್ಕಿದ್ದ ಸಾಮಾನು ಎರಡು: ಒಂದು ತುಂಡು ಸ್ಯಾಂಡ್‌ಪೇಪರು, ಎರಡು ತಂತಿ ಸಿಕ್ಕಿಸಿದ ಒಂದು ಬಲ್ಬು. ತಂತಿ ಚುಚ್ಚಿ ಬಲ್ಬ್ ಹತ್ತಿದರೆ ಕರೆಂಟ್ ಬಂದಿದೆ, ಹತ್ತದಿದ್ದರೆ ಹಿಂದೆ ಹೋಗಿ ಹುಡುಕು. ಶುದ್ಧ ಬೈನರಿ ಸರ್ಚ್. ನಾನು ಬಿಇ ಮಾಡಿ ಕಲಿತದ್ದನ್ನ ಆತ ಬೇವಿನ ಮರದ ಕೆಳಗೆ ಕೂತು ಮಾಡುತ್ತಿದ್ದ.

ಇನ್ನು ರಿಲೇ ವಿಷಯ. ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನ ಆಡಿಸೋ ಈ ಉಪಾಯ ಜೋಸೆಫ್ ಹೆನ್ರಿಯದು, 1835ರ ಸುಮಾರಿನದು, ಮೊದಲು ಉಪಯೋಗಕ್ಕೆ ಬಂದಿದ್ದು ಟೆಲಿಗ್ರಾಫಿಗೆ. ವಾಹನದಲ್ಲೂ ಲೆಕ್ಕ ಅದೇ. ಹ್ಯಾಂಡಲ್ಲಿನ ಸಪೂರ ಸ್ವಿಚ್ಚು ದೀಪದ ಹೊರೆ ಹೊರುವುದಿಲ್ಲ. ರಿಲೇಗೆ ಸನ್ನೆ ಮಾಡುತ್ತೆ ಅಷ್ಟೆ, ದಪ್ಪ ತಂತಿಯಲ್ಲಿ ಬ್ಯಾಟರಿಯಿಂದ ನೇರ ದೀಪಕ್ಕೆ ಕರೆಂಟ್ ಹೋಗುತ್ತೆ. ರಿಲೇ ಕಾಲುಗಳ ಮೇಲೆ 30, 85, 86, 87 ಅಂತ ಬರೆದಿರುತ್ತಲ್ಲ, ಅದು ಜರ್ಮನಿಯ ಡಿಐಎನ್ 72552 ಅನ್ನೋ ಮಾನದಂಡ. 30 ಬ್ಯಾಟರಿಯಿಂದ, 87 ದೀಪಕ್ಕೆ, 85 ಮತ್ತು 86 ಸುರುಳಿಗೆ. ಇವತ್ತಿಗೂ ಜೆಸಿ ರಸ್ತೆಯಲ್ಲಿ ಕೊಂಡ ರಿಲೇ ಮೇಲೆ ಅವೇ ಅಂಕಿ.

ಕಥೆ ತಿರುಗೋದು 1986ರಲ್ಲಿ. ಬಾಷ್ ಕಂಪನಿ ಡೆಟ್ರಾಯ್ಟಿನ ಎಂಜಿನಿಯರುಗಳ ಸಮಾವೇಶದಲ್ಲಿ ಕ್ಯಾನ್ ಬಸ್ ಪರಿಚಯಿಸಿತು: ಗಾಡಿಯ ಕಂಪ್ಯೂಟರುಗಳು ಒಂದು ಜೊತೆ ತಂತಿಯ ಮೇಲೆ ಪರಸ್ಪರ ಮಾತಾಡೋ ವ್ಯವಸ್ಥೆ. 2004ರಲ್ಲಿ ಬಿಎಂಡಬ್ಲ್ಯು ಅದನ್ನ ಆರ್ 1200 ಜಿಎಸ್ ಬೈಕಿಗೆ ತಂತು, ಮಾಮೂಲಿ ಫ್ಯೂಸುಗಳಿಗೂ ಕೊಕ್ ಕೊಟ್ಟಿತು. ಇಂಥ ಗಾಡಿಯಲ್ಲಿ ಸ್ವಿಚ್ ಒತ್ತಿದರೆ ದೀಪಕ್ಕೆ ಹೋಗೋದು ಕರೆಂಟಲ್ಲ, ಒಂದು ಮೆಸೇಜು. ದೀಪ ಹತ್ತಿಸೋದು ಕಂಪ್ಯೂಟರು, ಅದು ಕರೆಂಟನ್ನ ಅಳೀತಾನೂ ಇರುತ್ತೆ. ಜಾಸ್ತಿ ಹರಿದರೆ ಶಾರ್ಟ್ ಅಂದುಕೊಂಡು ಆ ಸಾಲನ್ನೇ ಬಂದ್ ಮಾಡುತ್ತೆ. ಕಮ್ಮಿ ಆದರೆ ಬಲ್ಬ್ ಹೋಗಿದೆ ಅಂತ ಎಚ್ಚರಿಸುತ್ತೆ. ಪಾರ್ಕಿಂಗ್ ಲೈಟಿನ ತಂತಿ ಸೀಳಿ ಅದಕ್ಕೆ 40 ವಾಟಿನ ಫಾಗ್ ಲ್ಯಾಂಪ್ ಗಂಟು ಹಾಕಿದರೆ ಅದು ಸುಮ್ಮನಿರಲ್ಲ. ಕೈಗೆ ಸಿಕ್ಕ ತಂತಿಗೆ ಹಳೇ ಟೆಸ್ಟ್ ಬಲ್ಬ್ ಚುಚ್ಚೋದೂ ಈಗ ಅಪಾಯ. ಬಲ್ಬು ಎಳೆಯೋ ಕರೆಂಟನ್ನ ಸೆನ್ಸರಿನ ಸಾಲು ತಡೆಯಲ್ಲ. ಮಲ್ಟಿಮೀಟರೇ ಬೇಕು.

ಹಾಗಂತ ಎಲ್ಲ ಕಾಯಿಲೆಗೂ ಕಂಪ್ಯೂಟರನ್ನ ಬೈಯೋದೂ ತಪ್ಪು. ಹೋದ ಮಳೆಗಾಲ ಚಾರ್ಮಾಡಿ ಘಾಟಿಯಲ್ಲಿ, ಮಂಜಿನ ಮಧ್ಯೆ, ನನ್ನ ಬೈಕಿನ ಎರಡೂ ಫಾಗ್ ಲ್ಯಾಂಪ್ ತಿರುವಿನಲ್ಲೇ ಆರಿ ಆರಿ ಹತ್ತಿದವು. ಎರಡು ಸೆಕೆಂಡ್ ಅಂದರೆ ಆ ರಸ್ತೆಯಲ್ಲಿ ಸಣ್ಣ ಸಮಯ ಅಲ್ಲ. ಒಂದು ಸರ್ವಿಸ್ ಸೆಂಟರಿನವರು ನೋಡದೇ ಹೇಳಿದರು: ಕಂಟ್ರೋಲ್ ಯೂನಿಟ್ ಬದಲಿಸಬೇಕು, ಹೊರಗಿನ ಲೈಟ್ ಹಾಕಿಸಿದ್ದಕ್ಕೆ ವಾರಂಟಿ ಸಿಗಲ್ಲ. ಮನೆಗೆ ಬಂದು ಎಂಜಿನ್ ಚಾಲು ಮಾಡಿ ಅಳೆದೆ. ಬ್ಯಾಟರಿಯಲ್ಲಿ 14.1 ವೋಲ್ಟ್. ದೀಪದ ಪ್ಲಗ್ಗಿನಲ್ಲಿ 11ರ ಸುತ್ತ ಕುಣೀತಿದೆ. ದೀಪದ ಮೈನಸ್ಸಿನಿಂದ ಬ್ಯಾಟರಿ ಮೈನಸ್ಸಿಗೆ ಅಳೆದರೆ ಸೊನ್ನೆಯ ಹತ್ರ ಇರಬೇಕಾದ್ದು 2 ವೋಲ್ಟಿಗಿಂತ ಜಾಸ್ತಿ. ಲೈಟ್ ಹಾಕಿದ ಅಂಗಡಿಯವರು ಅರ್ತಿಂಗನ್ನ ಪೇಂಟ್ ಮೆತ್ತಿದ ಬೋಲ್ಟಿಗೆ ಬಿಗಿದಿದ್ದರು. ಅದನ್ನ ಬಿಚ್ಚಿ ನೇರ ಬ್ಯಾಟರಿಗೆ ತಂದೆ, ಮುಗೀತು. ಖರ್ಚು ಅರ್ಧ ಮೀಟರ್ ವೈರು.

ನೋಡಿ, ಲ್ಯೂಕಸ್ ಕಾಲದ್ದೇ ಕಾಯಿಲೆ! ಗಾಡಿ ಹೊಸದು, ಓಮನ ನಿಯಮ ಹಳೇದು. ಊರಿನ ಆ ಮೆಕ್ಯಾನಿಕ್ ಆಗಿದ್ದರೆ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ಕಳಿಸುತ್ತಿದ್ದ. ಆದರೆ ಈಗ ಆತ ಹೊಸ ಬೈಕ್ ಮುಟ್ಟಲ್ಲ. "ಇದು ಕಂಪ್ಯೂಟರ್ ಗಾಡಿ, ನಂಗೆ ಬೇಡಪ್ಪ" ಅಂತಾನೆ. ನನಗೆ ಬೇಜಾರಾಗೋದು ಅದಕ್ಕೆ. ಆತನ ವಿದ್ಯೆ ಹಳತಾಗಿಲ್ಲ, ಹಳತಾಗಿದೆ ಅಂತ ಎಲ್ಲರೂ ಸೇರಿ ಆತನನ್ನ ನಂಬಿಸಿದ್ದೇವೆ.

ಹಾಗಾಗಿ ಮುಂದಿನ ಸಲ ಲೈಟ್ ಹಾಕಿಸುವಾಗ ಫಿಟ್ಟರನ್ನ ಕೇಳಿ: ಕರೆಂಟ್ ಬ್ಯಾಟರಿಯಿಂದ ನೇರ ಬರ್ತಿದೆಯಾ? ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಇದೆಯಾ? (40 ವಾಟಿಗೆ 3.3 ಆಂಪಿಯರ್, 5ರ ಫ್ಯೂಸ್ ಸಾಕು.) ಅರ್ತಿಂಗ್ ಎಲ್ಲಿಗೆ? 86ಕ್ಕೆ ಸನ್ನೆ ಎಲ್ಲಿಂದ? ಕಂಪನಿಯವರೇ ಆಕ್ಸೆಸರಿಗೆ ಅಂತ ಬಿಟ್ಟ ಸಾಕೆಟ್ ಇದ್ದರೆ ಅಲ್ಲಿಂದಲೇ ತೆಗೆಯಲಿ. ದೀಪ ಹತ್ತದಿದ್ದರೆ ಮೊದಲು ರಿಲೇಗೆ ಕಿವಿ ಕೊಡಿ. ಟಕ್ ಅಂದರೆ ಸನ್ನೆ ಬಂದಿದೆ, ತೊಂದರೆ ಹೆಚ್ಚಾಗಿ ರಿಲೇಯಿಂದ ದೀಪದ ಕಡೆಗೆ ಅಥವಾ 30ರ ಫ್ಯೂಸಿನಲ್ಲಿ. ಅನ್ನದಿದ್ದರೆ ಸ್ವಿಚ್ಚಿನ ಕಡೆಗೆ.

ಕೊನೆಗೆ, ದೀಪ ಸರಿಯಾಗಿ ಹತ್ತಿದ ಮೇಲೆ ಅದರ ಮೂತಿ ರಸ್ತೆಗೆ ಬಗ್ಗಿಸಿ. ಎದುರಿನವರ ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ ಕರ್ನಾಟಕ ಪೊಲೀಸರು 2024ರಿಂದ ಕೇಸ್ ಹಾಕ್ತಿದ್ದಾರೆ. ದಂಡದ ಮಾತು ಬಿಡಿ, ಎದುರಿಗೆ ದೀಪವಿಲ್ಲದ ಸೈಕಲ್ಲಿನಲ್ಲಿ ತೋಟದಿಂದ ಮನೆಗೆ ಹೋಗ್ತಿರೋರಿಗೂ ದಾರಿ ಕಾಣಬೇಕು.